ಬಂಡೆಯ ಹಿಂದೆ ಮರೆಯಾಗದ ದೋಣಿ

ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಹಿಂದೆ ದೋಣಿಯೊಂದು ಮರೆಯಾಗಿ ಮತ್ತೆ ಕಾಣುವ ದೃಶ್ಯವನ್ನು ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ದೋಣಿಯ ಭಾಗವನ್ನು ಮರೆಮಾಡಲು ಅದಕ್ಕೆ ಹಾಕಿದ ಮಾಸ್ಕ್ ದೋಣಿಯ ಜೊತೆಗೇ ಸಾಗುತ್ತದೆ. ಪರಿಹಾರವೇನು?
— ಓದುಗರು, ಮಲ್ಪೆ

ಉತ್ತರ: ಮಾಸ್ಕ್ ದೋಣಿಯ ಲೇಯರ್‌ಗೇ (ಚಿತ್ರದ ಪದರಕ್ಕೇ) ಸೇರಿರುವುದರಿಂದ ಲೇಯರ್ ಚಲಿಸಿದಾಗ ಅದೂ ಚಲಿಸುತ್ತದೆ. ಆದ್ದರಿಂದ ಅದನ್ನು ಅಳಿಸಿ, ಬಂಡೆಗಳ ಆಕಾರವನ್ನು ಚಲಿಸದ ಬೇರೊಂದು ಶೇಪ್ ಲೇಯರ್‌ನಲ್ಲಿ ಬರೆದು, ಅದನ್ನೇ ದೋಣಿಗೆ ಟ್ರ್ಯಾಕ್ ಮ್ಯಾಟ್ (ಇನ್ನೊಂದು ಲೇಯರ್ ಎಲ್ಲಿ ಕಾಣಬೇಕೆಂದು ನಿರ್ಧರಿಸುವ ಲೇಯರ್) ಆಗಿ ಆರಿಸಿ ಇನ್ವರ್ಟ್ ಮಾಡಿದರೆ, ಅಂದರೆ ಅದರ ಪರಿಣಾಮವನ್ನು ತಿರುವುಮುರುವು ಮಾಡಿದರೆ, ಆ ಆಕಾರದೊಳಗೆ ಬಂದಷ್ಟು ಭಾಗ ಮಾತ್ರ ಮರೆಯಾಗುತ್ತದೆ. ಅಲ್ಲಿನ ಶಿಲೆಗಳು ಕಂಬಗಳಂತೆ ನಿಂತಿರುವುದರಿಂದ ಅಂಚಿಗೆ ನೇರ ಗೆರೆಗಳೇ ಸಾಕು; ಫೆದರ್ (ಅಂಚಿನ ಮಸುಕು) ಹೆಚ್ಚಿಸಬೇಡಿ.

ದೋಣಿಯ ಮೂತಿ ಹಾದಿಯ ದಿಕ್ಕಿಗೆ ತಿರುಗಲು ಆಟೋ ಓರಿಯೆಂಟ್ ಎಂಬ ಆಯ್ಕೆ ಇದೆಯಾದರೂ, ಹಾದಿಯನ್ನು ವಿಪರೀತ ಬಳುಕಿಸಿದರೆ ಶಾಂತ ಕಡಲಿನಲ್ಲೂ ದೋಣಿ ಮಗುಚುವಂತೆ ಕಂಡೀತು. ವೇಗ ಏರುಪೇರಾಗುತ್ತಿದ್ದರೆ ನಡುವಿನ ಕೀಫ್ರೇಮ್‌ಗಳಿಗೆ (ದೋಣಿಯ ಸ್ಥಾನವನ್ನು ಗುರುತಿಸಿದ ಕ್ಷಣಗಳಿಗೆ) ವೇಗವನ್ನು ಸಮಗೊಳಿಸುವ ರೋವ್ ಅಕ್ರಾಸ್ ಟೈಮ್ ಆರಿಸಿ.