ಬೆರಳೆಣಿಸಿ ಲೆಕ್ಕ ಮಾಡುವ ಮಗುವಿಗೆ ಆ ಅಭ್ಯಾಸ ಬಿಡಿಸಬೇಕೇ?

ಎರಡನೇ ಕ್ಲಾಸಿನ ಮಗಳು ಬೆರಳ ಗೆಣ್ಣು ಮುಟ್ಟಿ ಮುಟ್ಟಿಯೇ ಕೂಡಿಸುತ್ತಾಳೆ, ಟೀಚರ್ ಬೈಯುತ್ತಾರೆ, ಬಿಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ.

ನಾನು ಉಡುಪಿ ಹತ್ತಿರದ ಶಂಕರಪುರದವಳು. ಅಮ್ಮ ಮಲ್ಲಿಗೆ ಕಟ್ಟಿಯೇ ನಮ್ಮನ್ನು ಸಾಕಿದ್ದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಇದು ನಮ್ಮಲ್ಲಿನ ಲೆಕ್ಕ. ಅಮ್ಮ ಶಾಲೆಗೆ ಹೋದದ್ದು ಮೂರೇ ವರ್ಷ. ಬಾಳೆನಾರಿಗೆ ಮೊಗ್ಗು ಸೇರಿಸುವಾಗ ಅವಳ ಬಾಯಲ್ಲಿ ಅಂಕಿ ಇರುತ್ತಿರಲಿಲ್ಲ, ಊರಿನ ಸುದ್ದಿ ಇರುತ್ತಿತ್ತು. ನಾನು ಕಟ್ಟಿದ ಚೆಂಡನ್ನು ಅಂಗೈಯಲ್ಲಿ ಒಮ್ಮೆ ಎತ್ತಿ, "ಐವತ್ತಾದರೂ ಕಮ್ಮಿ ಉಂಟು ಮಗಾ" ಅನ್ನುತ್ತಿದ್ದಳು. ಹಟಕ್ಕೆ ಬಿದ್ದು ಎಣಿಸಿದರೆ ಹೆಚ್ಚುಕಡಿಮೆ ಅಷ್ಟೇ ಕಮ್ಮಿ ಇರುತ್ತಿತ್ತು. ಎಂಟುನೂರು ಅವಳ ಕೈಗೆ ಒಂದು ತೂಕವಾಗಿ ಗೊತ್ತಿತ್ತು.

ನಮ್ಮ ಮಾತನ್ನೇ ನೋಡಿ. ಹನ್ನೊಂದು ಅಂದರೆ ಹತ್ತರ ಮೇಲೊಂದು, ಇಪ್ಪತ್ತು ಅಂದರೆ ಎರಡು ಹತ್ತು. ಎರಡೂ ಕೈಯ ಬೆರಳು ಮುಗಿದಲ್ಲಿಂದ ಎಣಿಕೆ ಮತ್ತೆ ಶುರು. ಕ್ಯಾಲಿಫೋರ್ನಿಯಾದ ಯೂಕಿ ಜನ ಬೆರಳ ಬದಲು ಬೆರಳುಗಳ ನಡುವಿನ ಸಂದು ಎಣಿಸುತ್ತಿದ್ದರು, ಒಂದು ಕೈಗೆ ನಾಲ್ಕು, ಹಾಗಾಗಿ ಅವರದು ಎಂಟೆಂಟರ ಲೆಕ್ಕ. ಪಪುವಾ ನ್ಯೂಗಿನಿಯ ಒಕ್ಸಪ್ಮಿನ್ ಜನರಂತೂ ಒಂದು ಕೈಯ ಹೆಬ್ಬೆರಳಿನಿಂದ ಹೊರಟು, ತೋಳು ಹತ್ತಿ, ಮೂಗು ದಾಟಿ, ಇನ್ನೊಂದು ಕೈಯ ಕಿರುಬೆರಳಿಗೆ ಇಳಿಯುವಷ್ಟರಲ್ಲಿ 27 ಎಣಿಸುತ್ತಾರೆ. ಅಲ್ಲಿ ಮೂಗೆಂದರೆ 14! ನನಗೆ ಇದು ಓದಿದಾಗಲೆಲ್ಲ ರೋಮಾಂಚನ.

ಮಿದುಳಲ್ಲೂ ಬೆರಳು, ಲೆಕ್ಕ ಅಕ್ಕಪಕ್ಕದ ಮನೆಯವರೇ. 1920ರ ದಶಕದಲ್ಲಿ ವಿಯೆನ್ನಾದ ನರವೈದ್ಯ ಜೋಸೆಫ್ ಗೆರ್ಸ್ಟ್‌ಮನ್ ಕೆಲವು ರೋಗಿಗಳನ್ನು ಕಂಡರು. ತಮ್ಮ ಯಾವ ಬೆರಳು ಯಾವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಸುಲಭದ ಲೆಕ್ಕವೂ ಬರುತ್ತಿರಲಿಲ್ಲ. ಎಡ ಮಿದುಳಿನ ಹಿಂಭಾಗದ ಒಂದು ಜಾಗಕ್ಕೆ ಪೆಟ್ಟಾದರೆ ಹೀಗಾಗಬಹುದು.

ಟೀಚರಿಗೆ ಅವಸರ ಇರಬಹುದು, ಪಾಠ ಮುಗಿಸಬೇಕಲ್ಲ. ಆದರೆ ಏಳಕ್ಕೆ ಐದು ಸೇರಿದರೆ ಹನ್ನೆರಡು ಎಂದು ನೂರು ಸಲ ಕೈಯಲ್ಲಿ ಕಂಡ ಮಗು ತಾನಾಗಿಯೇ ಕೈ ಕೆಳಗಿಡುತ್ತದೆ. ಬೈದು ಬಿಡಿಸಿದರೆ ಅದು ಮೇಜಿನಡಿ ಕೈ ಅಡಗಿಸಿ ಎಣಿಸುತ್ತದೆ, ಹೆದರಿ ತಪ್ಪುತ್ತದೆ. ನನ್ನ ತಂಗಿಗೆ ಆದದ್ದು ಅದೇ.

ಬೆರಳ ಗುರುತು ಗಟ್ಟಿಯಾಗಲು ಸಂಜೆ ಒಂದು ಆಟ ಆಡಿಸಿ. ಅವಳು ಕಣ್ಣು ಮುಚ್ಚಲಿ, ನೀವು ಒಂದು ಬೆರಳು ಮೆಲ್ಲ ಮುಟ್ಟಿ, ಯಾವುದೆಂದು ಹೇಳಲಿ. ಆಮೇಲೆ ಎರಡು ಬೆರಳು ಒಟ್ಟಿಗೆ ಮುಟ್ಟಿ, ನಡುವೆ ಎಷ್ಟು ಬೆರಳಿದೆ ಎಂದು ಕೇಳಿ.