ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಮೇಜಿನ ಆಟಕ್ಕೆಂದು ಬಿಡಿಸಿದ ಗುಹೆಯ ನಕ್ಷೆ ಪ್ರಿಂಟ್ ಆದಾಗ ಚೌಕದ ಅಳತೆ ತಪ್ಪುವುದೇಕೆ? ಗೋಡೆ ಚಪ್ಪಟೆಯಾಗಿ ಕಾಣುವುದೇಕೆ?

ಮೊದಲನೆಯದು ಲೆಕ್ಕದ ತಪ್ಪು, ಎರಡನೆಯದು ನೆರಳಿನದು.

ಎ4 ಕ್ಯಾನ್ವಾಸ್ ತೆರೆದು ಆಮೇಲೆ ಅದರೊಳಗೆ ಚೌಕ ತುರುಕಬೇಡಿ. ಚೌಕದಿಂದಲೇ ಶುರುಮಾಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ, ಪಾತ್ರ ವಹಿಸಿ ಕಥೆ ಕಟ್ಟುವ ಆಟದಲ್ಲಿ ಒಂದು ಚೌಕ ಅಂದರೆ ಕಥೆಯ 5 ಅಡಿ, ಮೇಜಿನ ಮೇಲೆ 1 ಇಂಚು. ಇಂಚಿಗೆ 150 ಪಿಕ್ಸೆಲ್ ಸಾಕು. 300 ಬೇಕೇ ಬೇಕು ಅನ್ನುವವರಿದ್ದಾರೆ, ಆದರೆ ಮೇಜಿನ ಮೇಲಿನ ನಕ್ಷೆಯನ್ನು ಯಾರೂ ಮೂಗಿಗೆ ಹಿಡಿದು ನೋಡುವುದಿಲ್ಲ. 21×20 ಚೌಕದ ನಕ್ಷೆ 150ರಲ್ಲಿ 3150×3000 ಪಿಕ್ಸೆಲ್. 300ಕ್ಕೆ ಹೋದರೆ ಒಂದೊಂದು ಲೇಯರ್‌ಗೂ (ಒಂದರ ಮೇಲೊಂದು ಕೂರುವ ಚಿತ್ರದ ಪದರ) ಸುಮಾರು 150 ಎಂಬಿ ಮೆಮೊರಿ. ಹತ್ತು ಲೇಯರ್ ಆಗುವಷ್ಟರಲ್ಲಿ ಬ್ರಷ್ ತೆವಳತೊಡಗುತ್ತದೆ.

21×20 ಯಾಕೆಂದರೆ, ಎ4 ಹಾಳೆ 8.27×11.69 ಇಂಚು, ಅಂಚು ಬಿಟ್ಟು 7×10 ಚೌಕ ಆರಾಮಾಗಿ ಹಿಡಿಯುತ್ತದೆ. ಅಡ್ಡಕ್ಕೆ ಮೂರು, ಉದ್ದಕ್ಕೆ ಎರಡು, ಒಟ್ಟು ಆರು ಹಾಳೆ. ಲಂಬ ಗೈಡ್‌ಗಳನ್ನು (ಕತ್ತರಿಸುವ ಜಾಗ ತೋರುವ ಗೆರೆ) 1050 ಮತ್ತು 2100ನೇ ಪಿಕ್ಸೆಲ್‌ನಲ್ಲಿ, ಅಡ್ಡ ಗೈಡನ್ನು 1500ರಲ್ಲಿ ಇಟ್ಟು 'ಸ್ಲೈಸ್ ಯೂಸಿಂಗ್ ಗೈಡ್ಸ್' ಕೊಡಿ, ಚಿತ್ರ ಆರು ತುಂಡಾಗುತ್ತದೆ. 'ಪ್ರಿಂಟ್ ಸೈಜ್'ನಲ್ಲಿ ರೆಸಲ್ಯೂಶನ್ 150 ಇರಲಿ. 'ಸ್ಕೇಲ್ ಇಮೇಜ್' ಮುಟ್ಟಬೇಡಿ, ಅದು ಪಿಕ್ಸೆಲ್ ಎಣಿಕೆಯನ್ನೇ ಬದಲಿಸುತ್ತದೆ. ಪ್ರಿಂಟರ್ ಕಿಟಕಿಯ 'ಫಿಟ್ ಟು ಪೇಜ್' ನಿಮ್ಮ ಈಗಿನ ತೊಂದರೆಯ ಮೂಲ ಇರಬಹುದು, 100% ಆರಿಸಿ. ಮೊದಲು ಒಂದೇ ಹಾಳೆ ತೆಗೆದು ಸ್ಕೇಲ್ ಇಟ್ಟು ನೋಡಿ: ಹತ್ತು ಚೌಕ ಸರಿಯಾಗಿ 254 ಮಿಲಿಮೀಟರ್ ಬರಬೇಕು.

'ಶೋ ಗ್ರಿಡ್' ಪರದೆಗಷ್ಟೇ, ಪ್ರಿಂಟ್‌ಗೆ ಬರುವುದಿಲ್ಲ. ಗೆರೆ ಬೇಕಾದರೆ ಖಾಲಿ ಲೇಯರ್ ಮೇಲೆ ಫಿಲ್ಟರ್ಸ್, ರೆಂಡರ್, ಪ್ಯಾಟರ್ನ್, ಗ್ರಿಡ್: ಅಂತರ 150, ದಪ್ಪ 2. ಲೇಯರ್‌ನ ಒಪಾಸಿಟಿ (ಗಾಢತೆ) 30ಕ್ಕೆ ಇಳಿಸಿ.

ಇನ್ನು ಗೋಡೆ. ಕೆಳಗೆ ನೆಲದ ಲೇಯರ್, ಎಲ್ಲಕ್ಕಿಂತ ಮೇಲೆ ಬಂಡೆಯ ಲೇಯರ್, ಅದಕ್ಕೊಂದು ಬಿಳಿ ಮಾಸ್ಕ್ (ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ). ಗುಹೆಯ ಆಕಾರವನ್ನು ಫ್ರೀ ಸೆಲೆಕ್ಟ್‌ನಿಂದ ಒರಟಾಗಿ ಸುತ್ತಿ, ಸೆಲೆಕ್ಟ್ ಮೆನುವಿನ 'ಡಿಸ್ಟಾರ್ಟ್' ಕೊಡಿ, ಅದು ಅಂಚನ್ನು ಅಂಕುಡೊಂಕು ಮಾಡುತ್ತದೆ. ಅಲ್ಲಿ ಸ್ಪ್ರೆಡ್ ತಾನಾಗಿ 8 ಇರುತ್ತದೆ. ಈ ಗಾತ್ರಕ್ಕೆ ಅದು ಕಣ್ಣಿಗೇ ಬೀಳದು, 20ರ ಆಸುಪಾಸಿಗೆ ಏರಿಸಿ. ಮಾಸ್ಕ್ ಮೇಲೆ ಆ ಆಯ್ಕೆಯೊಳಗೆ ಕಪ್ಪು ತುಂಬಿದರೆ ಬಂಡೆ ತೂತಾಗಿ ನೆಲ ಕಾಣುತ್ತದೆ.

ಎಲ್ಲರೂ ಎಡವುವುದು ಇದರ ನಂತರ. ಬಂಡೆಯ ಲೇಯರ್‌ಗೆ ಡ್ರಾಪ್ ಶ್ಯಾಡೋ (ನೆರಳು ಮೂಡಿಸುವ ಫಿಲ್ಟರ್) ಕೊಟ್ಟರೆ ಗುಹೆಯೊಳಗೆ ಏನೂ ಆಗುವುದಿಲ್ಲ, ಏಕೆಂದರೆ ಫಿಲ್ಟರ್ ಮಾಸ್ಕನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಬಂಡೆಯನ್ನೇ ನೋಡುತ್ತದೆ. ನೆರಳನ್ನು ಬೇರೆ ಲೇಯರ್‌ನಲ್ಲೇ ಮಾಡಬೇಕು. ಆಯ್ಕೆ ಇನ್ನೂ ಇರುವಾಗಲೇ ಅದನ್ನು ತಿರುಗಿಸಿ (ಇನ್ವರ್ಟ್), ಬಂಡೆಯ ಕೆಳಗೆ ಹೊಸ ಲೇಯರ್ ಇಟ್ಟು ಕಪ್ಪು ತುಂಬಿ. ನಂತರ ಆಯ್ಕೆ ತೆಗೆದುಹಾಕಿ, ಆಮೇಲಷ್ಟೇ ಗಾಸಿಯನ್ ಬ್ಲರ್ 25. ಆಯ್ಕೆ ಉಳಿದಿದ್ದರೆ ಮಸುಕು ನೆಲದ ಕಡೆಗೆ ಹರಡದೆ ಗೋಡೆಯ ಗೆರೆಯಲ್ಲೇ ನಿಲ್ಲುತ್ತದೆ, ಮತ್ತೆ ಅದೇ ಚಪ್ಪಟೆ. ಕೊನೆಗೆ ಈ ಲೇಯರನ್ನು ಬಲಕ್ಕೆ, ಕೆಳಕ್ಕೆ 10 ಪಿಕ್ಸೆಲ್ ಸರಿಸಿ: ಬೆಳಕು ಎಡಮೇಲಿನಿಂದ ಬಿದ್ದಂತಾಗಿ ಗೋಡೆ ಎದ್ದು ನಿಲ್ಲುತ್ತದೆ. ಪೀಪಾಯಿ, ಪೆಟ್ಟಿಗೆಗಳ ನೆರಳೂ ಅದೇ ದಿಕ್ಕಿಗಿರಲಿ. ಅವುಗಳ ಗಾತ್ರಕ್ಕೆ ಅಡಿಗೆ 30 ಪಿಕ್ಸೆಲ್ ಲೆಕ್ಕ. ಎರಡಡಿ ಪೀಪಾಯಿ 60.

ಆನ್‌ಲೈನ್ ಆಟಕ್ಕಾದರೆ ಗ್ರಿಡ್ ಲೇಯರ್ ಮರೆಮಾಡಿ ಎಕ್ಸ್‌ಪೋರ್ಟ್ ಮಾಡಿ, ಇಲ್ಲದಿದ್ದರೆ ಆಟದ ತಾಣದ ಗೆರೆಯೂ ಸೇರಿ ಜೋಡಿ ಗೆರೆ ಕಾಣುತ್ತದೆ. ಆ ತಾಣದಲ್ಲಿ ಪುಟದ ಅಳತೆ 21×20 ಚೌಕ ಅಂತಲೇ ಕೊಡಿ. ಅಂಚಿನಲ್ಲಿ ನಾಲ್ಕು ಪಿಕ್ಸೆಲ್ ಕತ್ತರಿಸಿದ್ದರೂ ಚೌಕ ಸ್ವಲ್ಪ ಸ್ವಲ್ಪವೇ ಜಾರುತ್ತ ಹೋಗುತ್ತದೆ.