ಡಬ್ಬಿಯಲ್ಲೇ ಕೊಳ್ಳಿ, ಆದರೆ ಮೊದಲು ಭಾಷೆ ನೋಡಿ

ನಮಸ್ಕಾರ. ಮುಂದಿನ ತಿಂಗಳು ಕೆಲಸಕ್ಕೆ ಟೋಕಿಯೋಗೆ ಬರುತ್ತಿದ್ದೀರಿ, ನಿಶಿಕಸಾಯ್ ಕಡೆ ಮನೆ ಸಿಕ್ಕಿದೆ ಅಂದಿದ್ದೀರಿ. ತುಂಬಾ ಖುಷಿ. ಬೆಂಗಳೂರಿನ ಪಿಎಸ್5 (ಸೋನಿಯ ಗೇಮ್ ಯಂತ್ರ) ಹೊತ್ತು ತರಬೇಕಾ, ಇಲ್ಲೇ ಹೊಸದು ಕೊಳ್ಳಬೇಕಾ, ಇಲ್ಲಿ ದೊಡ್ಡವರು ಗೇಮ್ ಹೇಗೆ ಕೊಳ್ಳುತ್ತಾರೆ, ಎಲ್ಲರೂ ಡೌನ್‌ಲೋಡ್‌ಗೆ ಹೋಗಿಬಿಟ್ಟಿದ್ದಾರಾ ಅಂತ ಕೇಳಿದ್ದೀರಿ.

ಎಲ್ಲರೂ ಹೋಗಿಲ್ಲ. ಡೌನ್‌ಲೋಡ್ ಮಾಡುವವರು ವರ್ಷ ವರ್ಷ ಜಾಸ್ತಿ ಆಗುತ್ತಿರುವುದು ನಿಜ. ಆದರೆ ನಮ್ಮ ಆಫೀಸಿನಲ್ಲಿ ನಲವತ್ತು ದಾಟಿದ ಜಪಾನಿ ಗೆಳೆಯರು ಇವತ್ತಿಗೂ ಡಬ್ಬಿಯನ್ನೇ, ಅಂದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಗೇಮನ್ನೇ ಕೊಳ್ಳುತ್ತಾರೆ. ಕೊಳ್ಳುವಾಗಲೇ ಅವರ ತಲೆಯಲ್ಲಿ ಮಾರುವ ಲೆಕ್ಕವೂ ಇರುತ್ತದೆ. ನಿಂಟೆಂಡೊ ಕಂಪನಿಯ ‘ಮಾರಿಯೋ ಕಾರ್ಟ್ ವರ್ಲ್ಡ್’ ಗೇಮ್ ಬಂದಾಗ ಡಬ್ಬಿಗೆ 9,980 ಯೆನ್, ಡೌನ್‌ಲೋಡ್‌ಗೆ 8,980. ಸಾವಿರ ಯೆನ್ ಸುಮ್ನೆ ಯಾಕೆ ಜಾಸ್ತಿ ಕೊಡಬೇಕು ಅನ್ನಿಸುತ್ತದೆ, ಅಲ್ವಾ? ಆಡಿ ಮುಗಿಸಿ ಬೇಗ ಮಾರಿದರೆ ಆ ಸಾವಿರಕ್ಕಿಂತ ಎಷ್ಟೋ ಹೆಚ್ಚು ಕೈಗೆ ಬರುತ್ತದೆ. ಡೌನ್‌ಲೋಡ್ ಮಾಡಿದ್ದನ್ನು ಯಾರಿಗೆ ಮಾರುತ್ತೀರಿ?

ಈ ಸೆಕೆಂಡ್ ಹ್ಯಾಂಡ್ ವ್ಯಾಪಾರ ಇಲ್ಲಿ ರಾಜಾರೋಷವಾಗಿ ನಡೆಯುತ್ತದೆ. ಹಿಂದೆ ಗೇಮ್ ಕಂಪನಿಗಳು ಇದನ್ನು ನಿಲ್ಲಿಸಬೇಕು ಅಂತ ಕೋರ್ಟಿಗೆ ಹೋಗಿದ್ದವು. 2002ರ ಏಪ್ರಿಲ್‌ನಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಅಂಗಡಿಗಳ ಪರ ತೀರ್ಪು ಕೊಟ್ಟಿತು. ಗೇಯೋ, ಬುಕ್ ಆಫ್, ಸುರುಗಾಯಾ ಅನ್ನುವ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಅಂದರೆ ಗೀಚು ಬಿದ್ದ ಡಿಸ್ಕ್, ಮುರಿದ ಮುಚ್ಚಳ ಅಂದುಕೊಳ್ಳಬೇಡಿ. ಮಾರಲು ಹೋದರೆ ಕೌಂಟರಿನವರು ಡಿಸ್ಕ್ ತೆಗೆದು ಬೆಳಕಿಗೆ ಓರೆ ಹಿಡಿದು ನೋಡುತ್ತಾರೆ. ಒಳಗಿನ ಚೀಟಿ ಇದೆಯೋ ಇಲ್ಲವೋ ನೋಡುತ್ತಾರೆ. ಡಬ್ಬಿ ಒಡೆದಿದ್ದರೆ ಬೆಲೆ ಇಳಿಸುತ್ತಾರೆ. ಹಾಗಾಗಿ ಜನ ಡಬ್ಬಿಯನ್ನು ತುಂಬಾ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅದರ ಲಾಭ ನಂತರ ಕೊಳ್ಳುವ ನಮಗೆ.

ನೀವು ಮಾರುವಾಗ ಗುರುತಿನ ಚೀಟಿ ಬೇಕೇ ಬೇಕು. ಹೊಸದಾಗಿ ಬಂದ ನಿಮಗೆ ಅದು ಜೈರ್ಯೂ ಕಾರ್ಡ್, ಅಂದರೆ ಇಲ್ಲಿ ವಾಸಿಸುವ ಹೊರದೇಶದವರಿಗೆ ಸರ್ಕಾರ ಕೊಡುವ ಕಾರ್ಡ್. ಬೇರೆ ಎಷ್ಟೋ ಹಳೆ ಸಾಮಾನಿಗೆ 10,000 ಯೆನ್ ಒಳಗಿದ್ದರೆ ಕಾನೂನು ಗುರುತಿನ ಚೀಟಿ ಕೇಳುವುದಿಲ್ಲ, ಆದರೆ ಗೇಮ್‌ಗೆ ಎಷ್ಟೇ ಅಗ್ಗವಾಗಿದ್ದರೂ ಕೇಳುತ್ತದೆ. ಕಾರ್ಡಿನ ಹಿಂದೆ ವಿಳಾಸ ಇರಬೇಕು. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ಹೇಗೂ ಅದನ್ನು ಬರೆಸಲೇಬೇಕು.

ಹೊಸ ಗೇಮ್ ಬಿಡುಗಡೆಯ ದಿನವೇ ಬೇಕಾದರೆ ಯೊಡೊಬಾಶಿ, ಬಿಕ್ ಕ್ಯಾಮೆರಾದಂಥ ದೊಡ್ಡ ಅಂಗಡಿಗೆ ಹೋಗಿ, ಮುಂದಿನ ಖರೀದಿಗೆ ಬಳಸುವ ಪಾಯಿಂಟ್ ಸಿಗುತ್ತದೆ. ಒಂದೇ ಗೇಮ್‌ಗೆ ಒಂದು ಅಂಗಡಿ ಉಡುಗೊರೆಯಾಗಿ ಅಕ್ರಿಲಿಕ್ ಗೊಂಬೆ ಕೊಟ್ಟರೆ ಇನ್ನೊಂದು ಚಿತ್ರವಿರುವ ಫೈಲ್ ಕೊಡುತ್ತದೆ. ಸಂಸಾರಸ್ಥರು ಕೂಡ ಅದನ್ನು ನೋಡಿಯೇ ಎಲ್ಲಿ ಮುಂಗಡ ಬುಕ್ ಮಾಡಬೇಕು ಅಂತ ತೀರ್ಮಾನಿಸುತ್ತಾರೆ. ನನಗಂತೂ ಅದು ತುಂಬಾ ಇಷ್ಟ. ದುಡಿದ ದುಡ್ಡಲ್ಲಿ ಇಷ್ಟಪಟ್ಟ ಆಟ ಕೊಳ್ಳುವಾಗ ಆ ಸಂಭ್ರಮ ಇರಬೇಕು.

ಈಗ ಮುಖ್ಯ ವಿಷಯ. ಅಗ್ಗ ಅಂತ ಯಂತ್ರ ಕೊಂಡುಬಿಡಬೇಡಿ. ನಿಂಟೆಂಡೊದ ಗೇಮ್ ಯಂತ್ರ ಸ್ವಿಚ್ 2 ಇಲ್ಲಿ 2025ರ ಜೂನ್ 5ರಂದು ಬಂದಾಗ ಎರಡು ಬಗೆ ಇತ್ತು. 49,980 ಯೆನ್‌ನದು ಜಪಾನಿ ಭಾಷೆಯದು ಮಾತ್ರ, ಜಪಾನ್ ಅಕೌಂಟ್ ಮಾತ್ರ ಹಿಡಿಯುತ್ತದೆ. ಎಲ್ಲ ಭಾಷೆಯದಕ್ಕೆ 69,980, ಅದೂ ನಿಂಟೆಂಡೊ ತನ್ನ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಮಾರಿತು. ಅದೇ ವರ್ಷ ನವೆಂಬರ್‌ನಲ್ಲಿ ಸೋನಿ ಕೂಡ 55,000 ಯೆನ್‌ಗೆ ಜಪಾನಿ ಭಾಷೆಯದೇ ಪಿಎಸ್5 ಬಿಟ್ಟಿತು. ಅದರಲ್ಲಿ ಡಿಸ್ಕ್ ಹಾಕುವ ಜಾಗವೂ ಇಲ್ಲ. ಯೆನ್ ಬೆಲೆ ಕುಸಿದು ಇಲ್ಲಿನವರಿಗೆ ಯಂತ್ರ ದುಬಾರಿ ಆಗಿದೆ, ದರ ಇಳಿಸಿದರೆ ಹೊರದೇಶದವರು ಕೊಂಡೊಯ್ಯುತ್ತಾರೆ. ಈ ಭಾಷೆಯ ಬೇಲಿ ಅದಕ್ಕೇ. ಜಪಾನಿ ಓದಲು ಬಾರದವರಿಗೆ ಆ ಅಗ್ಗದ ಬೆಲೆಯಿಂದ ಪ್ರಯೋಜನವಿಲ್ಲ.

ಆದ್ದರಿಂದ ನಿಮ್ಮ ಪಿಎಸ್5 ಹೊತ್ತು ತನ್ನಿ. ಇಲ್ಲಿನ ಡಿಸ್ಕ್ ಅದರಲ್ಲಿ ಓಡುತ್ತದೆ. ಆದರೆ ಎಷ್ಟೋ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಇರುವುದಿಲ್ಲ, ಡಬ್ಬಿಯ ಹಿಂಬದಿ ನೋಡಿಯೇ ಕೊಳ್ಳಿ. ಆಟಕ್ಕೆ ಆಮೇಲೆ ಬರುವ ಹೆಚ್ಚುವರಿ ಭಾಗಗಳನ್ನು ಜಪಾನ್ ಅಕೌಂಟಿನಿಂದಲೇ ಕೊಳ್ಳಬೇಕು, ಭಾರತದ ಅಕೌಂಟಿನಲ್ಲಿ ಕೊಂಡದ್ದು ಇಲ್ಲಿನ ಡಿಸ್ಕ್‌ಗೆ ಹೊಂದುವುದಿಲ್ಲ. ರಕ್ತಪಾತದ ಆಟಗಳಲ್ಲಿ ಕೆಲವು ದೃಶ್ಯಗಳನ್ನು ಇಲ್ಲಿ ತೆಗೆದಿರುತ್ತಾರೆ, ‘ಸೈಬರ್‌ಪಂಕ್ 2077’ ಅಂಥದ್ದು. ಅವನ್ನು ಅಲ್ಲಿಂದಲೇ ತನ್ನಿ.

ಇನ್ನೊಂದು ಮಾತು. 2025ರ ಮಾರ್ಚ್ 25ರಿಂದ ನಿಂಟೆಂಡೊದ ಜಪಾನ್ ಇ-ಶಾಪ್ (ಡೌನ್‌ಲೋಡ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಹೊರದೇಶದ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಇಲ್ಲಿನ ಕಾರ್ಡ್ ಕೈಗೆ ಬರುವವರೆಗೆ ಸೆವೆನ್ ಇಲೆವೆನ್‌ನಲ್ಲೋ ಲಾಸನ್‌ನಲ್ಲೋ ನಿಂಟೆಂಡೊದ ಪ್ರಿಪೇಯ್ಡ್ ಕಾರ್ಡ್ ಕೊಳ್ಳಿ, ನಗದು ಕೊಟ್ಟರೆ ಸಾಕು.